ತಳದಲ್ಲಿ ನನ್ನ ಹೆಸರಿದ್ದ ಗೊಂಬೆಗಳು

ಮಲೇಷ್ಯಾದ ನಿಲಾಯ್‌ನ ಕಾಲೇಜೊಂದರ ಹಿಂಬದಿಯ ಉಗ್ರಾಣದಲ್ಲಿ ಕಟ್ಟಿಗೆಯ ಪೆಟ್ಟಿಗೆಯ ಮುಚ್ಚಳ ಎಬ್ಬಿಸಿದಾಗ ಮೊದಲು ಮೂಗಿಗೆ ಬಡಿದದ್ದು ಗೊಂಬೆ ಎರಕ ಹೊಯ್ಯುವ ರೆಸಿನ್ ವಾಸನೆ. ಅದು ಬರುತ್ತದೆಂದು ಗೊತ್ತಿತ್ತು. ಅದರ ಹಿಂದೆಯೇ ಇನ್ನೊಂದು ಬಂತು. ಹುಣಸೆ ಬೀಜವನ್ನು ಹುರಿದು, ಅರೆದು, ಕುದಿಸಿದ ಅಂಟಿನ ವಾಸನೆ, ಅದೂ ಹಳಸಿದ್ದು. ಕೊಪ್ಪಳ ಸೀಮೆಯ ಕಿನ್ನಾಳದಲ್ಲಿ ಗೊಂಬೆ ಮಾಡುವ ನಮ್ಮ ಓಣಿಯ ಮನೆಮನೆಯಲ್ಲೂ ಇರುವ ವಾಸನೆ ಅದು. ಈ ದೇಶದಲ್ಲಿ ಆ ಅಂಟು ಕಾಯಿಸಿದವನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅವನು ನನ್ನ ತಮ್ಮ ಹನುಮಂತ. ಅವನು ಸತ್ತು ಇದು ನಾಲ್ಕನೇ ವರ್ಷ.

ಪೆಟ್ಟಿಗೆ ತೆಗೆಯಲು ನನ್ನನ್ನು ಕರೆಸಿದವರು ಲವೀನಾ ಮೇಡಂ. ಮಂಗಳೂರಿನವರು. ತಮ್ಮ ಬದುಕಿದ್ದಾಗ ನಾನು ಕೆಲಸ ಮಾಡುತ್ತಿದ್ದ ಪುಚೊಂಗ್‌ನ ವರ್ಕ್‌ಶಾಪಿನಲ್ಲಿ ಡಿಸೈನರ್ ಆಗಿದ್ದರು. ಅವರು ಮೂಗಿಗೆ ಕರ್ಚೀಫು ಹಿಡಿದು ಬಗ್ಗಿ ನೋಡಿದರು.

"ನೋಡು ಮಾರಾಯ, ಬೇರೆ ಎಲ್ಲ ಪೆಟ್ಟಿಗೆ ಸರಿ ಉಂಟು. ಇದೊಂದಕ್ಕೇ ಬೂಷ್ಟು ಹಿಡಿದದ್ದು. ತಳ ನೋಡಿದರೆ ಎಲ್ಲದರಲ್ಲೂ ನಿನ್ನದೇ ಹೆಸರು. ನಿನ್ನ ಕೆಲಸ ಹೀಗೆ ಆಗ್ಲಿಕ್ಕಿಲ್ವಲ್ಲ?"

ನಾನು ಒಂದನ್ನು ಎತ್ತಿಕೊಂಡೆ. ಗೇಣುದ್ದದ ಗೊಂಬೆ. ಮುಖ ರಾಜನದು, ತಲೆಗೆ ನೀಲಿ ಪಟ್ಟಿಯ ವಸ್ತ್ರ. ಎದೆಯ ಮೇಲೆ ಅಡ್ಡ ಕಟ್ಟಿದ ಕೈಗಳಲ್ಲಿ ಎರಡು ಗುದ್ದಲಿ, ಬೆನ್ನಿಗೆ ಬೀಜದ ಚೀಲ. ಕೆನ್ನೆಯ ಮೇಲೆ ಒಂದು ಕಡೆ ಬೂದು ಬಣ್ಣದ ಬೂಷ್ಟು. ತಿರುಗಿಸಿದರೆ ತಳದಲ್ಲಿ ಮಾಡಿದವನ ಹೆಸರಿನ ಚೀಟಿ, ಚೀಟಿಯಲ್ಲಿ ಈರಪ್ಪ ಎಂದು ನನ್ನ ಹೆಸರು.

"ಸರಿ ಮಾಡಿ ಕೊಡ್ತೀನ್ರಿ ಮೇಡಂ," ಎಂದೆ.

ಆ ಪೆಟ್ಟಿಗೆಯಲ್ಲಿದ್ದ ನಲವತ್ತನಾಲ್ಕು ಗೊಂಬೆಗಳಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ. ಅದನ್ನು ಅಲ್ಲಿ ಹೇಳಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬರೆಯುವುದು ನನಗೆ ಸುಲಭವಲ್ಲ. ಆದರೂ ಬಾಯಿಂದ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಈ ದೇಶಕ್ಕೆ ಬಂದದ್ದು ಕೊರೊನಾ ರೋಗ ಬರುವ ಹಿಂದಿನ ವರ್ಷ, ಪುಚೊಂಗ್‌ನ ಒಂದು ಗುಡಿಯ ಗೋಪುರಕ್ಕೆ ಬಣ್ಣ ಹೊಡೆಯಲು. ಹನುಮಂತ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಎತ್ತರ, ಮೈಕಟ್ಟು, ನಡಿಗೆ ಎಲ್ಲ ಒಂದೇ. ಹಿಂದಿನಿಂದ ನೋಡಿ ನಮ್ಮವ್ವನೇ ಎಷ್ಟೋ ಸಲ ಹೆಸರು ತಪ್ಪಿಸುತ್ತಿದ್ದಳು. ವ್ಯತ್ಯಾಸ ಇದ್ದದ್ದು ಕೈಯಲ್ಲಿ. ಅವನು ಎಡಗೈಯವನು. ಕಣ್ಣು ಬರೆಯುವಾಗ ನಾವೆಲ್ಲ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಗೆರೆ ಎಳೆಯುತ್ತೇವೆ. ಅವನು ಕಿವಿಯ ಕಡೆಯಿಂದ ಮೂಗಿನ ಕಡೆಗೆ ಎಳೆಯುತ್ತಿದ್ದ. ಅಪ್ಪ ಬಡಿದರೂ ಬಿಡಲಿಲ್ಲ. ಆಮೇಲೆ ಅಪ್ಪನೇ, ಇವನ ಕಣ್ಣಿನಲ್ಲಿ ಜೀವ ಜಾಸ್ತಿ ಎಂದು ದೊಡ್ಡ ಮೂರ್ತಿಗಳನ್ನು ಅವನಿಗೇ ಕೊಡತೊಡಗಿದ.

ಗೋಪುರ ಅರ್ಧ ಆಗಿದ್ದಾಗ ಲಾಕ್‌ಡೌನ್ ಬಂತು. ಬಣ್ಣ ಕಂಡ ದೇವರುಗಳು ಮೇಲೆ, ಬರೀ ಸುಣ್ಣದ ದೇವರುಗಳು ಕೆಳಗೆ, ನಡುವೆ ಬಿದಿರಿನ ಅಟ್ಟಣೆ. ಹಾಗೇ ನಿಂತಿತು. ಗುತ್ತಿಗೆದಾರ ಫೋನು ಎತ್ತುವುದನ್ನು ಬಿಟ್ಟ. ಬ್ರಿಕ್‌ಫೀಲ್ಡ್ಸ್‌ನ ದಿನಸಿ ಅಂಗಡಿಯ ಸರದಿಯಲ್ಲಿ ನಾನು ತಮ್ಮನ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಲವೀನಾ ಮೇಡಂ ಪರಿಚಯ ಮಾಡಿಕೊಂಡರು. ಅವರ ವರ್ಕ್‌ಶಾಪಿಗೆ ಕುಂಚ ಹಿಡಿಯುವ ಒಬ್ಬನು ಬೇಕಾಗಿತ್ತು. ಒಬ್ಬನೇ. ದೊಡ್ಡವನೆಂದು ನಾನು ಸೇರಿಕೊಂಡೆ, ನನ್ನ ಕೆಲಸದ ಪರ್ಮಿಟ್ಟು ಅವರ ಕಡೆಗೆ ಬದಲಾಯಿತು. ಹನುಮಂತನದು ಓಡಿಹೋದ ಗುತ್ತಿಗೆದಾರನ ಹೆಸರಿನಲ್ಲೇ ಉಳಿದು, ಅವಧಿ ಮುಗಿಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ನಮ್ಮ ಕೋಣೆಯಲ್ಲಿ ಕುಂಚ ಮುಟ್ಟದೆ ಕುಳಿತ.

ಕೆಲಸ ಏನೆಂದು ಲವೀನಾ ಮೇಡಂ ನಮಗಿಬ್ಬರಿಗೂ ಒಟ್ಟಿಗೇ ಹೇಳಿದ್ದು ಒಂದು ಭಾನುವಾರ, ಅಕ್ಕಿ ಬೇಳೆ ತಂದುಕೊಡಲು ಬಂದಾಗ. ಅವರು ಮೆಟ್ಟಿಲ ಕೆಳಗೆ, ನಾವು ಮೇಲೆ. ಯಾವುದೋ ಮಾಲ್‌ನಲ್ಲಿ ಈಜಿಪ್ಟಿನ ರಾಜನ ಸಮಾಧಿಯ ಪ್ರದರ್ಶನ ಇಡುತ್ತಾರೆ, ಸಮಾಧಿಯೊಳಗೆ ಸಿಕ್ಕ ಗೊಂಬೆಗಳ ನಕಲು ಬೇಕು ಎಂದು ಒಂದು ಮಾದರಿ ಗೊಂಬೆ ಎತ್ತಿ ತೋರಿಸಿದರು.

"ರಾಜ ಸತ್ತ ಮೇಲೆ ಆ ಲೋಕದಲ್ಲಿಯೂ ಹೊಲ ಉಂಟಂತೆ. ಉಳಬೇಕು, ನೀರು ಬಿಡಬೇಕು, ಮರಳು ಹೊರಬೇಕು. ಅಲ್ಲಿ ಹೆಸರು ಕೂಗಿದರೆ ರಾಜ ಏಳುವುದಲ್ಲ. ಈ ಗೊಂಬೆ ಎದ್ದು 'ನಾನಿದ್ದೇನೆ' ಅಂತ ಹೇಳ್ಬೇಕು. ಅದನ್ನೇ ಅದರ ಮೈಮೇಲೆ ಬರೆದದ್ದು, ಈ ಹಕ್ಕಿ, ಹಾವು ಎಲ್ಲ ಅವರ ಅಕ್ಷರ."

"ಅಂದ್ರ ಬದ್ಲಿ ಆಳು ಅನ್ರಿ," ಎಂದ ಹನುಮಂತ.

"ಹಾಂ, ಅದೇ."

"ಎಷ್ಟ ಮಂದಿ ಬೇಕಂತ್ರಿ ಅವಂಗ?"

"ದಿನಕ್ಕೊಬ್ಬ. ಮುನ್ನೂರ ಅರವತ್ತೈದು. ಹತ್ತು ಜನಕ್ಕೆ ಒಬ್ಬ ಮೇಸ್ತ್ರಿ, ಅವನ ಕೈಯಲ್ಲಿ ಚಾಟಿ."

ಹನುಮಂತ ನಕ್ಕುಬಿಟ್ಟ. "ಸತ್ತ ಮ್ಯಾಲೂ ಮೇಸ್ತ್ರಿ ಬಿಡಂಗಿಲ್ಲೇನ್ರಿ! ಅಣ್ಣಾ, ನಮ್ಮೂರಾಗ ಕೆರಿ ಹೂಳ ತಗಿಯಾಕ ಮನಿಗೊಬ್ರು ಬರ್ರಿ ಅಂದ್ರ ಗೌಡ ತಾ ಬರಲಾರ್ದ ಆಳ ಕಳಸ್ತಿದ್ನಲ್ಲ, ಹಂಗ ನೋಡಿದು. ಆದ್ರ ಮಾರಿ ಯಾಕ್ರಿ ರಾಜಂದ ಐತಿ?"

"ರಾಜನ ಹೆಸರಲ್ಲಿ ಹೋಗುವುದಲ್ವಾ. ಮುಖವೂ ಅವನದ್ದೇ ಬೇಕು."

ಆಮೇಲೆ ಎಷ್ಟೋ ದಿನ ನಾನು ಕೆಲಸದಿಂದ ಬಂದ ಕೂಡಲೇ ಅವನು ಕೇಳುತ್ತಿದ್ದ, "ಇವತ್ತ ಎಷ್ಟ ಆಳ ಹುಟ್ಟಿದ್ರು?"

ರೋಗದ ಎರಡನೇ ವರ್ಷದ ಜೂನ್ ತಿಂಗಳಿನಲ್ಲಿ ಮತ್ತೆ ಎಲ್ಲ ಮುಚ್ಚಿತು. ಈ ಸಲ ರೋಗ ದೂರದ ಸುದ್ದಿಯಾಗಿರಲಿಲ್ಲ. ಬೆಳಿಗ್ಗೆ ಉರಿಬಿಸಿಲು, ಮೂರು ಗಂಟೆಗೆ ಸರಿಯಾಗಿ ಗುಡುಗು, ಮಳೆ. ಮೇಲ್ಸೇತುವೆಯಲ್ಲಿ ಎಲ್‌ಆರ್‌ಟಿ ನಗರ ರೈಲು ಖಾಲಿ ಓಡುತ್ತಿತ್ತು. ಎದುರಿನ ಫ್ಲ್ಯಾಟುಗಳ ಕಿಟಕಿಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಬಟ್ಟೆ ತೂಗುತ್ತಿತ್ತು. ಮನೆಯಲ್ಲಿ ಊಟಕ್ಕಿಲ್ಲ, ಯಾರಾದರೂ ಕೊಡಿ ಎಂದು ಅದರ ಅರ್ಥ. ವರ್ಕ್‌ಶಾಪಿಗೆ ಆರು ಜನರ ಹೆಸರಿನ ಅನುಮತಿ ಪತ್ರ ಇತ್ತು, ಅದರಲ್ಲಿ ನನ್ನದೊಂದು. ಬೆಳಿಗ್ಗೆ ಶಟರಿನ ಹೊರಗೆ ಕಾವಲುಗಾರ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ, ನಾವು ಓಗೊಟ್ಟು ಒಳಗೆ ಹೋಗಬೇಕು. ಒಳಗೆ ಟೋಪಿ, ಕನ್ನಡಕ, ಮೂಗು ಬಾಯಿ ಮುಚ್ಚುವ ದಪ್ಪ ಮಾಸ್ಕು. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಲವೀನಾ ಮೇಡಂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು.

ರೆಸಿನ್ ಕಲಸುವ ಬರ್ಮಾದವನು ಒಂದು ದಿನ ಕೆಮ್ಮಿದ. ಮರುದಿನ ಬರಲಿಲ್ಲ. ಅದೇ ವಾರ, ನಾನು ತಮಿಳು ಮುಸ್ಲಿಮರ ಮಮಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತ ಪರಿಚಯವಾಗಿದ್ದ ಎದುರು ಫ್ಲ್ಯಾಟಿನ ಮನುಷ್ಯನನ್ನು ಬಿಳಿ ಉಡುಪಿನವರು ಕುರ್ಚಿಯಲ್ಲಿ ಕೂರಿಸಿ ಕೆಳಗೆ ತಂದರು. ಅವನು ತೆರೆದ ಬಾಯಲ್ಲಿ ಗಾಳಿಗಾಗಿ ಒದ್ದಾಡುವುದನ್ನು ಕಿಟಕಿಯಿಂದ ನೋಡಿದೆ. ಅಂದಿನಿಂದ ನನ್ನ ಎದೆಯೊಳಗೆ ಒಂದು ಭಯ ಕೂತಿತು. ಆ ರಾತ್ರಿ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದೆ.

ಮರುದಿನ ಬೆಳಿಗ್ಗೆ ಹನುಮಂತನಿಗೆ ಹೇಳಿದೆ, "ಬೆನ್ನ ಹಿಡಕೊಂಡೈತಿ. ಇವತ್ತೊಂದಿನ ನೀ ಹೋಗಿ ಬಾ. ನನ್ನ ಕಾರ್ಡ್ ಹಾಕ್ಕೋ. ಮಾಸ್ಕಿನಾಗ ಯಾರಿಗೆ ಗೊತ್ತಾಗತೈತಿ."

ಬೆನ್ನು ನಿಜಕ್ಕೂ ಸ್ವಲ್ಪ ಹಿಡಿದಿತ್ತು. ಅಂದು ಮಾತ್ರ.

ಅವನು ಹಬ್ಬಕ್ಕೆ ಹೊರಟವನಂತೆ ಹೊರಟ. ನನ್ನ ಕಾರ್ಡು, ನನ್ನ ಪತ್ರ, ನನ್ನ ಫೋನು ಒಯ್ದ. ಹೋದಲ್ಲೆಲ್ಲ ಫೋನಿನಲ್ಲಿ ಹೆಸರು ತೋರಿಸಬೇಕಿತ್ತು, ಹಾಗಾಗಿ ನನ್ನದು ಅವನ ಬಳಿ, ಅವನದು ನನ್ನ ಬಳಿ. ಸಂಜೆ ಉಗುರ ಸಂದಿಯಲ್ಲಿ ನೀಲಿ ತುಂಬಿಕೊಂಡು ಬಂದ.

"ಅಣ್ಣಾ, ನಾಕ ಗೊಂಬಿಗೆ ಕಣ್ಣ ಬರದೆ! ಕೈ ಮರತಿಲ್ಲ ನೋಡು. ಮುಂಜಾನೆ 'ಈರಪ್ಪ' ಅಂತ ಕೂಗಿದ್ರು. 'ಅದೀನ್ರಿ' ಅಂದೆ. ನಾನ ಒಂದ ಗೊಂಬಿ ಆಗಿಬಿಟ್ಟೆ!"

ಎರಡನೇ ದಿನ ನನ್ನ ಬೆನ್ನು ಚೆನ್ನಾಗಿತ್ತು. ಏಳುವಾಗ ಬೇಕೆಂದೇ ನರಳಿದೆ. ಮೂರನೇ ದಿನವೂ ನರಳಿದೆ. ನಾಲ್ಕನೇ ದಿನದಿಂದ ನರಳುವ ಅಗತ್ಯವೂ ಬೀಳಲಿಲ್ಲ, ಅವನೇ ಎದ್ದು ಕಾರ್ಡು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಹಗಲೆಲ್ಲ ನಾನು ಕಿಟಕಿ ಮುಚ್ಚಿ ಮಲಗಿರುತ್ತಿದ್ದೆ. ಅವನ ಫೋನಿಗೆ ಊರಿನಿಂದ ಅವನ ಹೆಂಡತಿ ಶಾರದಾ ಮಾಡಿದರೆ, ಸ್ನಾನಕ್ಕೆ ಹೋಗಿದ್ದಾನೆ, ನಿದ್ದೆ ಮಾಡಿದ್ದಾನೆ ಎನ್ನುತ್ತಿದ್ದೆ.

ಅಚ್ಚಿನಲ್ಲಿ ಎರಕ ಹೊಯ್ದಾಗ ರೆಸಿನ್‌ನಲ್ಲಿ ಗಾಳಿಗುಳ್ಳೆ ಉಳಿದು ತೂತು ಬೀಳುತ್ತವೆ. ಅವನ್ನು ಕಂಪನಿಯ ಪುಟ್ಟಿಯಿಂದ ತುಂಬಬೇಕು. ಹನುಮಂತನಿಗೆ ಅದು ಹಿಡಿಸಲಿಲ್ಲ. "ಆ ಪುಟ್ಟಿ ಮ್ಯಾಲ ಬಣ್ಣ ಸತ್ತಂಗ ಕಾಣತೈತಿ," ಎಂದು ಅಡಿಗೆಯ ಹುಣಸೆಯಲ್ಲಿ ಸಿಕ್ಕ ಬೀಜಗಳನ್ನು ಹುರಿದು ಅರೆದು ಊರಿನ ಅಂಟು ಕಾಯಿಸಿಕೊಂಡು, ಮರದ ಹೊಟ್ಟು ಕಲಸಿ ಡಬ್ಬಿಯಲ್ಲಿ ಒಯ್ಯುತ್ತಿದ್ದ. ಇನ್ನೊಂದು ಚಾಳಿ ಅವನದು. ಕೊನೆಯ ವಾರ್ನಿಷನ್ನು ಗೊಂಬೆಯ ತಳಕ್ಕೂ, ಹೆಸರಿನ ಚೀಟಿಯ ಮೇಲೂ ಎರಡು ಕೈ ಹೊಡೆಯುತ್ತಿದ್ದುದನ್ನು ಒಂದು ಸಂಜೆ ಹೇಳಿದ.

"ತಳ ಯಾರ ನೋಡ್ತಾರಲೇ?" ಎಂದೆ.

"ನಿನ್ನ ಹೆಸರ ಐತಲ್ಲಣ್ಣಾ. ಅಳಸಬಾರ್ದು."

ಹತ್ತನೇ ದಿನ ಸಂಜೆ ಬಂದವನು ಬಾಗಿಲ ಬಳಿಯೇ ಕೂತ. ಕೆಮ್ಮಿದ. "ರೆಸಿನ್ ಹೊಗಿ," ಎಂದ. ನಾನು ನನ್ನ ಹಾಸಿಗೆಯನ್ನು ಕಿಟಕಿಯ ಕಡೆಗೆ ಎಳೆದುಕೊಂಡೆ. ಅವನು ಅದನ್ನು ನೋಡಿದ.

ಬೆಳಿಗ್ಗೆ ಅವನ ಮುಖ ಊದಿತ್ತು. ಆದರೂ ಸ್ನಾನ ಮಾಡಿ ಕಾರ್ಡು ಹಾಕಿಕೊಂಡ. ಬಾಗಿಲಲ್ಲಿ ನಿಂತು ಹಿಂತಿರುಗಿದ.

"ಬೆನ್ನ ಹೆಂಗೈತಿ ಅಣ್ಣಾ?"

ಅಷ್ಟೇ ಕೇಳಿದ. ನಾನು ಎದ್ದು ಕಾರ್ಡು ತೆಗೆದುಕೊಳ್ಳಬಹುದಾಗಿತ್ತು. ಇವತ್ತು ಯಾರೂ ಹೋಗುವುದು ಬೇಡ ಎನ್ನಬಹುದಾಗಿತ್ತು. ಅವನು ಅದಕ್ಕಾಗಿಯೇ ನಿಂತಿದ್ದ ಎಂದು ಈಗಲೂ ಅನ್ನಿಸುತ್ತದೆ.

"ಹಂಗ ಐತಿ," ಎಂದೆ.

ಅವನು ಹೋದ. ಸಂಜೆ ಕೆಲಸ ಬಿಡುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಅವನ ಫೋನು ಬಡಿಯಿತು. ಲವೀನಾ ಮೇಡಂ.

"ಹನುಮಂತ, ಗಾಬರಿ ಆಗ್ಬೇಡ. ನಿನ್ನ ಅಣ್ಣ ಈರಪ್ಪ ವರ್ಕ್‌ಶಾಪಿನಲ್ಲಿ ಬಿದ್ದದ್ದಂತೆ. ಆ್ಯಂಬುಲೆನ್ಸ್ ಬಂತು. ಕೇಳಿಸ್ತದಾ? ಹನುಮಂತ?"

"ಹೂಂನ್ರಿ," ಎಂದೆ.

ನಾನು ಈರಪ್ಪ, ಬಿದ್ದವನು ಹನುಮಂತ ಎಂದು ಹೇಳಲು ಅಲ್ಲಿ ಒಂದು ಉಸಿರಿನಷ್ಟು ಸಮಯ ಇತ್ತು. ಹೇಳಿದರೆ ಅವನ ಪರ್ಮಿಟ್ಟು ಮುಗಿದದ್ದು ಹೊರಗೆ ಬರುತ್ತದೆ, ಆಸ್ಪತ್ರೆಯಿಂದಲೇ ಪೊಲೀಸರು ಎಳೆದೊಯ್ಯುತ್ತಾರೆ, ಅವನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಬಹಳಷ್ಟು ನಿಜ ಬೇರೆ ಇತ್ತು. ನನ್ನ ಹೆಸರಿನಲ್ಲಿ ಬೇರೆಯವನನ್ನು ಕಳಿಸಿದ ತಪ್ಪು ನನ್ನದು, ಸಿಕ್ಕಿಬೀಳುವವನು ನಾನು.

ಆಸ್ಪತ್ರೆಯಲ್ಲಿ ಕೊರಳ ಕಾರ್ಡು ನೋಡಿ ಹೆಸರು ಬರೆದುಕೊಂಡರು. ಒಂಬತ್ತು ದಿನ ಅವನು ಅಲ್ಲಿ ಈರಪ್ಪನಾಗಿ ಇದ್ದ. ಅವನೂ ಹೇಳಲಿಲ್ಲ. ಹೇಳಲಾಗಲಿಲ್ಲವೋ, ನನ್ನನ್ನು ಉಳಿಸಲು ಹೇಳಲಿಲ್ಲವೋ, ಗೊತ್ತಿಲ್ಲ. ಆರನೇ ದಿನ, ಮಳೆ ಹೊಯ್ಯುತ್ತಿದ್ದ ಮಧ್ಯಾಹ್ನ, ತಮಿಳು ನರ್ಸೊಬ್ಬಳು ವಿಡಿಯೋ ಕರೆ ಮಾಡಿದಳು. ಅವಳ ಕಣ್ಣು ಮಾತ್ರ ಕಾಣುತ್ತಿದ್ದವು.

"ಈರಪ್ಪಾಕ್ಕು ನೀಂಗ ಎನ್ನ ವೇಣುಂ? ತಂಬಿಯಾ?"

ಈರಪ್ಪನಿಗೆ ನೀವು ಏನಾಗಬೇಕು, ತಮ್ಮನಾ ಎಂದು ಕೇಳಿದ್ದು. "ಆಮಾ, ತಂಬಿ," ಎಂದೆ. ತಮ್ಮನಿಗೇ ತಮ್ಮನಾದೆ. ಹೆಸರು ಕೇಳಿದಳು. ಹನುಮಂತ ಎಂದು ಹೇಳಿದೆ.

ನಾಳೆ ಗಂಟಲಿಗೆ ಕೊಳವೆ ಹಾಕುತ್ತಾರೆ, ಮಾತಾಡುವುದಿದ್ದರೆ ಈಗಲೇ ಮಾತಾಡಿ, ಹೆಸರು ಹಿಡಿದು ಕರೆಯಿರಿ, ಕೇಳಿಸಿಕೊಳ್ಳುತ್ತಾರೆ ಎಂದು ಅರ್ಧ ತಮಿಳಿನಲ್ಲಿ ಅರ್ಧ ಇಂಗ್ಲಿಷಿನಲ್ಲಿ ಹೇಳಿ ಫೋನನ್ನು ಅವನ ಮುಖದ ಬಳಿ ಹಿಡಿದಳು. ಅವನ ಕಣ್ಣು ಮುಚ್ಚಿದ್ದವು. ಮೂಗಿನ ಮೇಲೆ ಪ್ಲಾಸ್ಟಿಕ್ಕಿನ ಬಟ್ಟಲು. ಉಗುರಿನಲ್ಲಿ ಇನ್ನೂ ನೀಲಿ.

ನರ್ಸು ಅಲ್ಲೇ ನಿಂತಿದ್ದಳು. ಕೇಳುತ್ತಿದ್ದಳು.

"ಈರಪ್ಪಾ," ಎಂದು ಕರೆದೆ.

ನನ್ನ ಬಾಯಿಂದ, ನನ್ನ ಹೆಸರು, ಅವನ ಕಿವಿಗೆ. ಅವನು ಕಣ್ಣು ತೆರೆಯಲಿಲ್ಲ. ಹಾಸಿಗೆಯ ಮೇಲೆ ಎಡಗೈ ಒಂದಿಷ್ಟು ಎದ್ದಿತು.

"ಅದೀನಿ," ಎಂದ.

ನಾನು ಕೇಳಿದ ಅವನ ಕೊನೆಯ ಮಾತು ಅದೇ. ಮೂರು ದಿನಕ್ಕೆ ತೀರಿಕೊಂಡ.

ಪಾಸ್‌ಪೋರ್ಟು ತೋರಿಸಲೇಬೇಕಾದಾಗ ಸತ್ಯ ಕಾಗದದ ಮಟ್ಟಿಗೆ ಹೊರಬಂತು. ಅಣ್ಣನಿಗೆ ಹುಷಾರಿಲ್ಲದ ಆ ಒಂದು ದಿನ ಮಾತ್ರ ತಮ್ಮ ಅವನ ಕಾರ್ಡು ಹಾಕಿಕೊಂಡು ಹೋಗಿದ್ದ ಎಂದು ಕಾಗದಪತ್ರ ನೋಡುವ ಏಜೆಂಟು ಎಲ್ಲರಿಗೂ ಹೇಳಿದ, ಊರಿಗೆ ನಾನೂ ಹಾಗೇ ಹೇಳಿದೆ. ಲವೀನಾ ಮೇಡಂ ನಂಬಿದರು. ಮರಣಪತ್ರದಲ್ಲಿ ಸರಿಯಾದ ಹೆಸರೇ ಬಂತು. ಸುಡುವಾಗ ನಮ್ಮನ್ನು ಬಿಡಲಿಲ್ಲ. ಬೂದಿಯ ಕುಡಿಕೆಯನ್ನು ಮೂರು ವಾರದ ಮೇಲೆ ಒಂದು ಕಿಂಡಿಯಲ್ಲಿ ಕೊಟ್ಟರು.

ಶಾರದಾ ಫೋನಿನಲ್ಲಿ ಅತ್ತು ಮುಗಿದ ಮೇಲೆ ಒಂದೇ ಮಾತು ಕೇಳಿದ್ದಳು. "ಒಬ್ರ ಹ್ವಾದ್ರೇನ್ರಿ ಭಾವಾರ? ಯಾರೂ ಒಂದ ಮಾತ ಆಡ್ಸಲಿಲ್ಲೇನ್ರಿ?"

"ಆಡ್ಸಿದೆವ್ವ. ವಿಡಿಯೋದಾಗ ನಾ ಹೆಸರ ಹಿಡದ ಕರದೆ. 'ಅದೀನಿ' ಅಂದ," ಎಂದೆ.

ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೆಂಟರಿಗೆ ಹೇಳಿದಳು. ಮಗಳು ದೊಡ್ಡವಳಾದಂತೆ ಅವಳಿಗೂ ಹೇಳಿದಳು: ನಿಮ್ಮ ಅಪ್ಪ ಅನಾಥನಂಗ ಹೋಗಲಿಲ್ಲ, ದೊಡ್ಡಪ್ಪ ಹೆಸರು ಹಿಡಿದು ಕರೆದ, ಓಗೊಟ್ಟು ಹೋದ. ಪ್ರತಿ ವರ್ಷದ ತಿಥಿಗೆ ನಾನು ಫೋನು ಮಾಡಿದಾಗ ಅದನ್ನೇ ನನ್ನ ಬಾಯಿಂದ ಇನ್ನೊಮ್ಮೆ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ.

ಆ ಪ್ರದರ್ಶನ ನಡೆಯಲೇ ಇಲ್ಲ. ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿದು, ಈಗ ಪಡಸಾಲೆಯಲ್ಲಿ ಇಡಲೆಂದು ಈ ಕಾಲೇಜಿಗೆ ಬಂದಿವೆ.

ನಿಲಾಯ್‌ನಲ್ಲಿ ಮೂರು ದಿನ ಬೂಷ್ಟು ಒರೆಸಿದೆ. ಮರುದಿನ ಮತ್ತೆ ಏಳುತ್ತಿತ್ತು, ಅವನು ತೂತು ತುಂಬಿದ ಜಾಗಗಳಲ್ಲೇ. ಈ ದೇಶದ ತೇವಕ್ಕೆ ನಮ್ಮ ಅಂಟು ತಡೆಯುವುದಿಲ್ಲ. ಊರಲ್ಲಿ ಈಗ ನಮ್ಮ ಮನೆಯ ಕೆಲಸ ನಡೆಸುತ್ತಿರುವವಳು ಶಾರದಾ. ಅಂಟಿನ ವಿಷಯ ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ಏನೂ ಯೋಚಿಸದೆ ಅವಳಿಗೆ ಫೋಟೋ ಕಳಿಸಿ, ಹಳೆಯ ಅಂಟಿಗೆ ಬೂಷ್ಟು ಬಂದರೆ ಏನು ಹಚ್ಚಬೇಕೆಂದು ಕೇಳಿದೆ. ಮುಖದ್ದು ಎರಡು, ಬೆನ್ನಿನದು ಒಂದು. ತಳದ ಅಂಚಿಗೂ ಬೂಷ್ಟು ಇತ್ತು, ಅದನ್ನೂ ತೆಗೆದು ಕಳಿಸಿದೆ.

ಹತ್ತು ನಿಮಿಷಕ್ಕೆ ಫೋನು ಬಂತು.

"ಮೈಲುತುತ್ತ ಕಲಸಿ ತೆಳ್ಳಗ ಹಚ್ಚರಿ," ಎಂದಳು. "ಭಾವಾರ, ಇವು ನಿಮ್ಮ ಕೈಯವಲ್ಲ."

ನಾನು ಕೈಯಲ್ಲಿದ್ದ ಗೊಂಬೆಯನ್ನು ಕೆಳಗಿಟ್ಟೆ.

"ಕಣ್ಣಿನ ಗೆರಿ ಕಿವಿ ಕಡಿಂದ ಬಂದೈತಿ. ಅಂಟೂ ಅವರ ಅಂಟು. ಕೆಳಗ ನಿಮ್ಮ ಹೆಸರ ಯಾಕೈತ್ರಿ?"

"ನನ್ನ ಬದ್ಲಿ ಹೋಗಿದ್ನವ್ವ."

"ಅದ ಒಂದ ದಿನ ಅಂದಿದ್ರಿ. ಒಂದ ದಿನಕ್ಕ ಎಷ್ಟ ಗೊಂಬಿ ಮಾಡ್ತಾರ?"

"ನಾಕು."

"ಪೆಟಗ್ಯಾಗ ಎಷ್ಟದಾವು?"

ಹೇಳಿದೆ. ಅವಳು ಲೆಕ್ಕ ಹಾಕುವುದು ನನಗೆ ಕೇಳಿಸಿದಂತಾಯಿತು.

"ಹನ್ನೊಂದ ದಿನ ಏನಾಗಿತ್ರಿ ನಿಮಗ?"

"ಏನೂ ಆಗಿರಲಿಲ್ಲ. ಅಂಜಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದಿನಿಂದ ಅವರ ಅಂಗಳದಲ್ಲಿ ಯಾರೋ ಮರ ಕೆತ್ತುವ ಸದ್ದು ಬರುತ್ತಿತ್ತು. ಬೇರೆ ಯಾರದೋ ವಿಷಯ ವಿಚಾರಿಸುವಂತೆ, ಮೆಲ್ಲಗೆ ಕೇಳಿದಳು.

"ಅಂದ್ರ ದವಾಖಾನ್ಯಾಗ ಅವರು ನಿಮ್ಮ ಹೆಸರಿಲೆ ಇದ್ರು. ವಿಡಿಯೋದಾಗ ಹೆಸರ ಹಿಡದ ಕರದೆ ಅಂತಿದ್ರಲ್ಲ. ಯಾವ ಹೆಸರ ಹಿಡದ ಕರದ್ರಿ?"

ಹೇಳಿದೆ.

ಮರ ಕೆತ್ತುವ ಸದ್ದು ಮುಂದುವರಿಯಿತು. ಆಮೇಲೆ ಅವಳು, "ಮಗಳಿಗೆ ಇನ್ನ ಏನ ಹೇಳ್ಲಿ ನಾನು," ಎಂದಳು. ಅದು ನನ್ನನ್ನು ಕೇಳಿದ್ದಲ್ಲ. ಕೊನೆಗೆ ಎಂದಳು, "ಒಂದ ಗೊಂಬಿ ಕಳಸ್ರಿ. ನಿಮ್ಮ ಹೆಸರ ತಗದ ಕಳಸ್ರಿ."

ಲವೀನಾ ಮೇಡಂಗೆ ಎಲ್ಲ ಹೇಳಿ ಒಂದು ಗೊಂಬೆ ಕೇಳಿಕೊಂಡೆ. ಅವರು ಕೊಟ್ಟು, ಕನ್ನಡಕ ಒರೆಸುತ್ತ ಹೊರಗೆ ಹೋದರು. ನಾನು ಬ್ಲೇಡು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಕೂತೆ. ಚೀಟಿಯ ಅಂಚು ಸಿಗುತ್ತಿಲ್ಲ. ಅವನು ಹೊಡೆದ ಎರಡು ಕೈ ವಾರ್ನಿಷ್ ಗಾಜಿನಂತೆ ಕೂತಿದೆ, ಅದರ ಕೆಳಗೆ ಅಕ್ಷರ ಒಂದೂ ಮಾಸಿಲ್ಲ. ಸ್ಪಿರಿಟ್ಟು ಹಚ್ಚಿ ನೋಡಿದೆ. ಬಿಸಿನೀರಿನ ಬಟ್ಟೆ ಇಟ್ಟು ನೋಡಿದೆ. ಇವತ್ತಿಗೆ ಐದು ದಿನ. ಬ್ಲೇಡು ತಾಗಿಸಿದಲ್ಲೆಲ್ಲ ಮೊದಲು ಏಳುವುದು ಅವನ ಬಣ್ಣ.